ಆಲೆಮನೆಯ ವಿಡಿಯೋ ನಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತೆ, ಗಿರಾಕಿಯ ಫೋನಿನಲ್ಲಿ ಯಾಕೆ ಓಡಲ್ಲ?

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕಿನಲ್ಲಿ ಆಲೆಮನೆ. ಬೆಲ್ಲವನ್ನು ನೇರವಾಗಿ ಮಾರೋಣ ಅಂತ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದೀವಿ. ಪುಟದ ಮೇಲ್ಭಾಗದಲ್ಲೇ ಬೆಲ್ಲ ಕಾಯಿಸುವ ವಿಡಿಯೋ ಹಾಕಿದ್ದೀನಿ. ನಾಲ್ಕೂವರೆ ನಿಮಿಷದ್ದು, ಫೋನಿನಲ್ಲಿ ತೆಗೆದದ್ದು, 570 ಎಂಬಿ ಇದೆ. ಪುಟ ತೆರೆದ ಕೂಡಲೇ ಗಾಣದ ಸದ್ದಿನ ಸಮೇತ ತಾನಾಗಿ ಓಡಬೇಕು ಅನ್ನೋದು ನನ್ನಾಸೆ. ನನ್ನ ಲ್ಯಾಪ್‌ಟಾಪಿನಲ್ಲಿ, ಮನೆಯ ಫೈಬರ್ ಲೈನಿನಲ್ಲಿ, ಮುಕ್ಕಾಲು ನಿಮಿಷ ಕಾದರೆ ಓಡುತ್ತೆ. ಬೇರೆಯವರ ಫೋನಿನಲ್ಲಿ ಸುಮ್ಮನೆ ಸುತ್ತುತ್ತಾ ಇರುತ್ತೆ. ಬೆಂಗಳೂರಿನ ನಮ್ಮ ಮಾವನ ಐಫೋನಿನಲ್ಲಂತೂ ಬರೋದೇ ಇಲ್ಲ. ಸ್ನೇಹಿತರೊಬ್ಬರ ಕಂಪ್ಯೂಟರಿನಲ್ಲಿ ಸದ್ದು ಮಾತ್ರ ಬಂತಂತೆ, ಚಿತ್ರ ಇಲ್ಲ. 'ಹಾಲು', 'ಪಾಕ', 'ಅಚ್ಚು' ಅಂತ ಮೂರು ಬಟನ್ ಇಟ್ಟು, ಒತ್ತಿದರೆ ವಿಡಿಯೋ ಆ ಭಾಗಕ್ಕೆ ಹೋಗೋ ಹಾಗೆ ಮಾಡಬಹುದಾ? ಯೂಟ್ಯೂಬಿಗೇ ಹಾಕಿಬಿಡು ಅಂತಾರೆ, ಆದರೆ ಅಲ್ಲಿ ನಮ್ಮದು ಮುಗಿದ ಮೇಲೆ ಬೇರೆಯವರ ಬೆಲ್ಲ ತೋರಿಸಿದರೆ?

ಉತ್ತರ: ನಿಮ್ಮ ಪುಟವನ್ನು ನಾನು ಮೈಸೂರಿನಲ್ಲಿ ಮೇಜಿನ ಮುಂದೆ ಕೂತು ನೋಡಲಿಲ್ಲ. ಮಂಡ್ಯಕ್ಕೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಫೋನಿನಿಂದ ತೆರೆದೆ, ಏಕೆಂದರೆ ನಿಮ್ಮ ಗಿರಾಕಿಗಳು ನೋಡುವುದೂ ಹೀಗೆಯೇ. ಶ್ರೀರಂಗಪಟ್ಟಣ ಬಿಟ್ಟಾಗ ವಿಳಾಸ ಒತ್ತಿದೆ. ಕಪ್ಪು ಚೌಕ ಬಂತು, ನಡುವೆ ಚಕ್ರ ಸುತ್ತತೊಡಗಿತು. ಪಾಂಡವಪುರ ನಿಲ್ದಾಣ ಬಂದು ಜನ ಇಳಿದು ಹತ್ತಿದರೂ ಅದೇ ಚಕ್ರ. ಡೇಟಾ ಲೆಕ್ಕ ತೆಗೆದು ನೋಡಿದರೆ ನೂರು ಎಂಬಿ ದಾಟಿತ್ತು, ಕಬ್ಬಿನ ಒಂದು ಜಲ್ಲೆಯೂ ಕಂಡಿರಲಿಲ್ಲ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರು ನಿಮ್ಮ ಪುಟವನ್ನು ಒಂದು ಸಲ ತೆರೆದರೆ ಅವರ ಆ ದಿನದ ಡೇಟಾದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೋಗಿರುತ್ತದೆ. ಅದು ಅವರ ದುಡ್ಡು. ನಾನು ಮುಂದೆ ಹೇಳುವುದೆಲ್ಲ ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುವುದು: ಆ ಫೋನು, ಅದರ ಸದ್ದು, ಅದರ ಡೇಟಾ ಎಲ್ಲವೂ ನೋಡುವವರದ್ದು.

ನೀವು ಹೇಳಿದ ಮುಕ್ಕಾಲು ನಿಮಿಷವೇ ನನಗೆ ಸುಳಿವು ಕೊಟ್ಟಿತು. 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ, ಎಂಟು ಬಿಟ್ ಸೇರಿದರೆ ಒಂದು ಬೈಟ್) ಫೈಬರಿನಲ್ಲಿ 570 ಎಂಬಿ ಫೈಲ್ ಪೂರ್ತಿ ಇಳಿಯಲು ಹಿಡಿಯುವ ಹೊತ್ತು ಸರಿಯಾಗಿ ಅಷ್ಟೇ, ಸುಮಾರು 46 ಸೆಕೆಂಡು. ಅಂದರೆ ನಿಮ್ಮ ವಿಡಿಯೋ ಹರಿದು ಬರುತ್ತಿಲ್ಲ. ಇಡೀ ಫೈಲ್ ಇಳಿದ ಮೇಲೆ ಮೊದಲ ಚಿತ್ರ ಕಾಣುತ್ತಿದೆ. ಅದೇ ಫೈಲು ಹಳ್ಳಿಯ ಕಡೆ 4 ಎಂಬಿಪಿಎಸ್ ಸಿಕ್ಕರೆ ಹತ್ತೊಂಬತ್ತು ನಿಮಿಷ. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಹೀಗಾಗುವುದಕ್ಕೆ ಎರಡು ಕಾರಣ, ಎರಡೂ ನಿಮ್ಮಲ್ಲಿ ಒಟ್ಟಿಗೆ ಸೇರಿಕೊಂಡಿವೆ. ಎಂಪಿ4 ಫೈಲಿನೊಳಗೆ ಚಿತ್ರ-ಸದ್ದಿನ ರಾಶಿಯ ಜೊತೆಗೆ ಒಂದು ಪರಿವಿಡಿ ಇರುತ್ತದೆ. ಯಾವ ಸೆಕೆಂಡಿನ ಚಿತ್ರ ಫೈಲಿನ ಯಾವ ಜಾಗದಲ್ಲಿದೆ ಅಂತ ಅದರಲ್ಲಿ ಬರೆದಿರುತ್ತದೆ. ಈ ಕೆಲಸದವರು ಅದಕ್ಕೆ ಮೂವ್ ಆಟಂ ಅನ್ನುತ್ತಾರೆ. ಫೋನು ರೆಕಾರ್ಡ್ ಮಾಡುವಾಗ ವಿಡಿಯೋ ಎಷ್ಟು ಉದ್ದ ಆಗುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಹಾಗಾಗಿ ನೀವು ನಿಲ್ಲಿಸಿದ ಮೇಲೆ ಪರಿವಿಡಿಯನ್ನು ಕೊನೆಯಲ್ಲಿ ಬರೆಯುತ್ತದೆ. ಪರಿವಿಡಿ ಕೈಗೆ ಸಿಗದೆ ಬ್ರೌಸರ್ ಒಂದು ಚಿತ್ರವನ್ನೂ ತೋರಿಸಲಾರದು.

ಸಾಮಾನ್ಯವಾಗಿ ಬ್ರೌಸರು ಜಾಣತನ ಮಾಡಿ 'ಕೊನೆಯ ತುಂಡು ಮೊದಲು ಕೊಡು' ಅಂತ ಸರ್ವರನ್ನು ಕೇಳುತ್ತದೆ. ಸರ್ವರ್ 206 ಅನ್ನುವ ಸಂಖ್ಯೆಯ ಜೊತೆ ಆ ತುಂಡನ್ನಷ್ಟೇ ಕೊಡುತ್ತದೆ. ನಿಮ್ಮಲ್ಲಿ ಅದೂ ನಡೆಯುತ್ತಿಲ್ಲ. ಪುಟದ ಮೂಲ ತೆರೆದು ನೋಡಿದೆ: ವಿಡಿಯೋದ ವಿಳಾಸ ನೇರವಾಗಿ ಫೈಲಿಗಿಲ್ಲ, ಎಷ್ಟು ಜನ ನೋಡಿದರು ಅಂತ ಎಣಿಸುವ, ಸರ್ವರಿನಲ್ಲಿ ಓಡುವ ಒಂದು ಪಿಎಚ್‌ಪಿ ಕೋಡ್ ತುಣುಕಿಗಿದೆ. ಆ ತುಣುಕಿಗೆ ನಡುವಿನಿಂದ ಕೊಡುವುದು ಗೊತ್ತಿಲ್ಲ. ಯಾರು ಏನು ಕೇಳಿದರೂ 200 ಅಂದು ಮೊದಲಿನಿಂದ ಸುರಿಯುತ್ತದೆ. ನಿಮ್ಮ ಮಾವನ ಐಫೋನಿನ ಕಥೆಯೂ ಇಲ್ಲೇ ಇದೆ. ಐಫೋನಿನ ಸಫಾರಿ ಮೊದಲು ಬರೀ ಎರಡು ಬೈಟ್ ಕೇಳಿ ಪರೀಕ್ಷೆ ಮಾಡುತ್ತದೆ. ಕೇಳಿದಷ್ಟೇ ಕೊಡದ ಸರ್ವರಿನಿಂದ ಅದು ವಿಡಿಯೋ ತೆಗೆದುಕೊಳ್ಳುವುದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಭಾಗ ತೆರೆದು, ಪುಟವನ್ನು ರಿಫ್ರೆಶ್ ಮಾಡಿ. ವಿಡಿಯೋದ ಸಾಲಿನಲ್ಲಿ 206 ಕಂಡರೆ ಸರಿ, 200 ಕಂಡರೆ ನಾನು ಹೇಳಿದ ತೊಂದರೆ. ಎಣಿಸುವ ತುಣುಕನ್ನು ತೆಗೆದು ಫೈಲಿನ ನೇರ ವಿಳಾಸ ಕೊಡಿ. ಸಾಮಾನ್ಯ ಹೋಸ್ಟಿಂಗಿನ ಸರ್ವರುಗಳು ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತವೆ.

ಸದ್ದು ಬಂದು ಚಿತ್ರ ಬಾರದಿದ್ದದ್ದು ಬೇರೆಯೇ ವಿಷಯ. ನಿಮ್ಮ ಫೋನು ಎಚ್‌ಇವಿಸಿ ಅನ್ನುವ ಕೋಡೆಕ್‌ನಲ್ಲಿ ರೆಕಾರ್ಡ್ ಮಾಡಿದೆ. ಕೋಡೆಕ್ ಅಂದರೆ ವಿಡಿಯೋವನ್ನು ಚಿಕ್ಕದಾಗಿ ಮಡಿಸಿ ಮತ್ತೆ ಬಿಡಿಸುವ ವಿಧಾನ. ಜಾಗ ಉಳಿಸುತ್ತದೆ ಅಂತ ಈಚಿನ ಫೋನುಗಳು ಅದನ್ನು ಬಳಸುತ್ತವೆ. ಆದರೆ ಹಳೆಯ ಕಂಪ್ಯೂಟರುಗಳಲ್ಲಿ ಬ್ರೌಸರಿಗೆ ಅದನ್ನು ಬಿಡಿಸಲು ಬರುವುದಿಲ್ಲ, ಸದ್ದನ್ನು ಮಾತ್ರ ಬಿಡಿಸಿ ಕೊಡುತ್ತದೆ. ಎಲ್ಲ ಕಡೆ ಓಡಬೇಕಾದರೆ ಚಿತ್ರಕ್ಕೆ ಎಚ್.264, ಸದ್ದಿಗೆ ಎಎಸಿ. ಎಚ್.264 ಅನ್ನುವುದು 2003ರಿಂದ ಇರುವ ಕೋಡೆಕ್, ಎವಿ1 ಅನ್ನುವ ಹೊಸ ಕೋಡೆಕ್‌ನಷ್ಟು ಚಿಕ್ಕದಾಗಿ ಮಡಿಸಲಾರದು, ಆದರೆ ಅದು ಓಡದ ಫೋನನ್ನು ನಾನು ಈಚೆಗೆ ಕಂಡಿಲ್ಲ.

ಹಾಗಾಗಿ ಕೋಡ್ ಮುಟ್ಟುವ ಮೊದಲು ಫೈಲನ್ನು ಸರಿಮಾಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, 'ಫಾಸ್ಟ್ 720ಪಿ30' ಅನ್ನುವ ಸಿದ್ಧ ಆಯ್ಕೆ ಹಿಡಿದು, 'ವೆಬ್ ಆಪ್ಟಿಮೈಸ್ಡ್' ಅನ್ನುವ ಚೌಕಕ್ಕೆ ಟಿಕ್ ಹಾಕಿ. ಆ ಒಂದು ಟಿಕ್ ಪರಿವಿಡಿಯನ್ನು ಕೊನೆಯಿಂದ ಎತ್ತಿ ಮುಂದಕ್ಕೆ ಇಡುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಳಸುವವರು ಇದೇ ಕೆಲಸಕ್ಕೆ 'ಫಾಸ್ಟ್‌ಸ್ಟಾರ್ಟ್' ಅನ್ನುತ್ತಾರೆ. ಸೆಕೆಂಡಿಗೆ ಸರಾಸರಿ 1.2 ಮೆಗಾಬಿಟ್ ಕೊಟ್ಟರೆ ನಿಮ್ಮ ನಾಲ್ಕೂವರೆ ನಿಮಿಷ ಸದ್ದೂ ಸೇರಿ 44 ಎಂಬಿ ಆಸುಪಾಸಿಗೆ ಬರುತ್ತದೆ. 570 ಎಲ್ಲಿ, 44 ಎಲ್ಲಿ!

ಇಲ್ಲೊಂದು ಎಚ್ಚರಿಕೆ. ವಿಡಿಯೋ ಚಿಕ್ಕದಾಗುವುದು ಒಂದು ಚಿತ್ರಕ್ಕೂ ಮುಂದಿನದಕ್ಕೂ ಬದಲಾಗದ ಭಾಗವನ್ನು ಮತ್ತೆ ಬರೆಯದೆ ಬಿಡುವುದರಿಂದ. ಕಬ್ಬು ಕಟ್ಟು ಬಿಚ್ಚುವ ದೃಶ್ಯದಲ್ಲಿ ಗೋಡೆ, ನೆಲ, ಚಾವಣಿ ಅಲುಗುವುದಿಲ್ಲ, ಸುಲಭವಾಗಿ ಮಡಿಸಿಕೊಳ್ಳುತ್ತದೆ. ಕೊಪ್ಪರಿಗೆ ಉಕ್ಕುವ ದೃಶ್ಯ ಹಾಗಲ್ಲ. ನೊರೆಯ ಒಂದೊಂದು ಗುಳ್ಳೆಯೂ ಪ್ರತಿ ಚಿತ್ರದಲ್ಲಿ ಬೇರೆ, ಮೇಲೆ ಹಬೆ, ಕೆಳಗೆ ಒಲೆಯ ಬೆಂಕಿ. ಅಷ್ಟನ್ನೂ ಹೊಸದಾಗಿಯೇ ಬರೆಯಬೇಕು. ಬಿಟ್ ಸಾಲದೆ ಹೋದರೆ ಹೊಂಬಣ್ಣದ ಪಾಕ ಚೌಕಚೌಕವಾಗಿ ಒಡೆದು ಕಾಣುತ್ತದೆ. ನಿಮ್ಮ ಬೆಲ್ಲ ಮಾರುವುದೇ ಆ ದೃಶ್ಯ. ಆದ್ದರಿಂದ ಮೇಲೆ ಬರುವ ಕೊಳೆ ತೆಗೆಯುವ ಜಾಗದಿಂದ ಪಾಕ ಏರುವವರೆಗಿನ ಅರ್ಧ ನಿಮಿಷವನ್ನು ಮೊದಲು ಮಡಿಸಿ ನೋಡಿ. ಅದು ಚೆನ್ನಾಗಿ ಬಂದ ಮಟ್ಟವನ್ನೇ ಇಡೀ ವಿಡಿಯೋಗೆ ಕೊಡಿ, ಹತ್ತಿಪ್ಪತ್ತು ಎಂಬಿ ಹೆಚ್ಚಾದರೂ ಪರವಾಗಿಲ್ಲ.

ಈಗ ನಿಮ್ಮ ಆಸೆಯ ವಿಷಯ, ಸದ್ದಿನ ಸಮೇತ ತಾನಾಗಿ ಓಡುವುದು. ಅದು ಆಗುವುದಿಲ್ಲ, ಆಗಬಾರದು ಅಂತಲೂ ನಾನು ನಂಬಿದ್ದೇನೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ಕಲ್ಯಾಣ ಮಂಟಪಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ತೆರೆದ ಕೂಡಲೇ ನಾದಸ್ವರ ಮೊಳಗಬೇಕು ಅಂತ ಮಾಲೀಕರು ಕೇಳಿದರು, ನಾನು ಮಾಡಿದೆ. ಮಗಳ ಮದುವೆಗೆ ಮಂಟಪ ಹುಡುಕುತ್ತಿದ್ದ ಒಬ್ಬ ತಾಯಿ ಆ ಪುಟವನ್ನು ತೆರೆದದ್ದು ರಾತ್ರಿ ಹತ್ತರ ಮೇಲೆ, ಆಸ್ಪತ್ರೆಯ ವಾರ್ಡಿನಲ್ಲಿ, ಆಗತಾನೇ ನಿದ್ದೆ ಹೋಗಿದ್ದ ಗಂಡನ ಹಾಸಿಗೆ ಪಕ್ಕ ಕೂತು. ಆ ವಾರ್ಡಿನಲ್ಲಿ ಎದ್ದ ಸದ್ದನ್ನು ಅವರು ಮಾಲೀಕರಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಂತು. ಮಾರನೆಯ ದಿನವೇ ತೆಗೆದೆ. ಅಂದಿನಿಂದ ಯಾರಿಗೂ ಹಾಗೆ ಮಾಡಿಕೊಟ್ಟಿಲ್ಲ.

ಬ್ರೌಸರಿನವರೂ ಅದೇ ತೀರ್ಮಾನಕ್ಕೆ ಬಂದರು. ಸಫಾರಿ 2017ರಲ್ಲಿ, ಕ್ರೋಮ್ 2018ರ ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 2019ರಲ್ಲಿ ಸದ್ದಿರುವ ಆಟೋಪ್ಲೇಗೆ ತಡೆ ಹಾಕಿದವು. ನೋಡುವವರು ಪುಟದಲ್ಲಿ ಎಲ್ಲಾದರೂ ಒಮ್ಮೆ ಮುಟ್ಟುವವರೆಗೆ ಸದ್ದಿಲ್ಲ. ಹಾಗಾದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹೇಗೆ ಓಡುತ್ತಿದೆ? ಕಂಪ್ಯೂಟರಿನ ಕ್ರೋಮ್ ಒಂದು ಲೆಕ್ಕ ಇಡುತ್ತದೆ. ಯಾವ ಸೈಟಿನಲ್ಲಿ ನೀವು ಪದೇಪದೇ ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತು ಸದ್ದಿಟ್ಟು ವಿಡಿಯೋ ನೋಡಿದ್ದೀರೋ ಆ ಸೈಟಿನ ಮೇಲೆ ಅದಕ್ಕೆ ನಂಬಿಕೆ ಬೆಳೆಯುತ್ತದೆ, ತಡೆಯನ್ನು ಸಡಿಲಿಸುತ್ತದೆ. ನಿಮ್ಮ ಸೈಟನ್ನು ಜಗತ್ತಿನಲ್ಲಿ ಅತಿ ಹೆಚ್ಚು ನೋಡಿದವರು ನೀವೇ. ಮೊದಲ ಸಲ ಬರುವ ಗಿರಾಕಿಗೆ ಏನು ಕಾಣುತ್ತದೆ ಅಂತ ತಿಳಿಯಬೇಕಾದರೆ ಬೇರೆಯವರ ಫೋನೇ ಆಗಬೇಕು.

ಸದ್ದಿಲ್ಲದ ಆಟೋಪ್ಲೇಗೆ ಅಡ್ಡಿಯಿಲ್ಲ, ಅದನ್ನು ಚೆನ್ನಾಗಿ ಬಳಸಿಕೊಳ್ಳಿ. ನಾನು ಹೇಳುವುದು ಹೀಗೆ: ದೊಡ್ಡ ವಿಡಿಯೋವನ್ನು ಪುಟದ ಮೇಲ್ಭಾಗದಿಂದ ತೆಗೆದು ಕೆಳಕ್ಕೆ ಇಡಿ. ಮೇಲೆ ಹನ್ನೆರಡು ಸೆಕೆಂಡಿನ ಒಂದು ತುಣುಕು ಸಾಕು. ಗಾಣದ ಬಾಯಿಗೆ ಕಬ್ಬು ಹೋಗುವುದು, ಕಬ್ಬಿನ ಹಾಲು ಧಾರೆಯಾಗಿ ಇಳಿಯುವುದು, ಅಷ್ಟೇ. ಎರಡು ಎಂಬಿಗಿಂತ ಕಡಿಮೆಯಾಗುತ್ತದೆ. ಪುಟದ ಕೋಡಿನಲ್ಲಿ ವಿಡಿಯೋ ಟ್ಯಾಗಿನೊಳಗೆ ನಾಲ್ಕು ಮಾತು ಇರಬೇಕು: ಆಟೋಪ್ಲೇ, ಮ್ಯೂಟೆಡ್, ಲೂಪ್, ಪ್ಲೇಸ್‌ಇನ್‌ಲೈನ್. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಅದಿಲ್ಲದಿದ್ದರೆ ಐಫೋನು ಪುಟದೊಳಗೆ ಓಡಿಸುವುದಿಲ್ಲ, ಪ್ಲೇ ಒತ್ತಿದರೆ ವಿಡಿಯೋ ಇಡೀ ತೆರೆಯನ್ನು ಆಕ್ರಮಿಸುತ್ತದೆ. ಐದನೆಯದಾಗಿ ಪೋಸ್ಟರ್, ಅಂದರೆ ವಿಡಿಯೋ ಶುರುವಾಗುವ ಮುಂಚೆ ಕಾಣುವ ಫೋಟೋ, 100 ಕೆಬಿಯೊಳಗೆ ಇರಲಿ. ಐಫೋನಿನಲ್ಲಿ ಬ್ಯಾಟರಿ ಉಳಿಸುವ ಲೋ ಪವರ್ ಮೋಡ್ ಹಾಕಿದ್ದರೆ ಸದ್ದಿಲ್ಲದ ತುಣುಕೂ ತಾನಾಗಿ ಓಡುವುದಿಲ್ಲ. ಆಗ ಗಿರಾಕಿಗೆ ಕಾಣುವುದು ಆ ಫೋಟೋ ಒಂದೇ. ಅದು ಕಪ್ಪು ಚೌಕ ಆಗಿರದೆ ಬಿಸಿ ಬೆಲ್ಲದ ಅಚ್ಚು ಆಗಿರಲಿ.

ತುಣುಕಿನ ಮೂಲೆಯಲ್ಲಿ 'ಗಾಣದ ಸದ್ದು ಕೇಳಿ' ಅಂತ ಒಂದು ಬಟನ್ ಇಡಿ. ಒತ್ತಿದಾಗ ಜಾವಾಸ್ಕ್ರಿಪ್ಟಿನಲ್ಲಿ ವಿಡಿಯೋದ ಮ್ಯೂಟೆಡ್ ಗುಣವನ್ನು ಫಾಲ್ಸ್ ಮಾಡಿದರೆ ಸದ್ದು ಬರುತ್ತದೆ. ಒತ್ತಿದ ಕ್ಷಣದಲ್ಲೇ ಮಾಡಬೇಕು. ಮೂರು ಸೆಕೆಂಡ್ ಬಿಟ್ಟು ತಾನಾಗಿ ಸದ್ದು ತೆರೆದುಕೊಳ್ಳಲಿ ಅಂತ ಯಾರೂ ಮುಟ್ಟದೆ ಮಾಡಿದರೆ ಬ್ರೌಸರು ವಿಡಿಯೋವನ್ನೇ ನಿಲ್ಲಿಸಿಬಿಡುತ್ತದೆ. ಸದ್ದು ಹೆಚ್ಚು-ಕಡಿಮೆ ಮಾಡುವ ಪಟ್ಟಿ ಮಾಡಲು ಹೋಗಬೇಡಿ, ಐಫೋನಿನಲ್ಲಿ ವಾಲ್ಯೂಮನ್ನು ಪುಟದಿಂದ ಬದಲಿಸಲು ಬರುವುದಿಲ್ಲ, ಪಕ್ಕದ ಗುಂಡಿಯಿಂದ ಮಾತ್ರ. ಅದರ ಬದಲು ನಿಲ್ಲಿಸುವ ಬಟನ್ ಖಂಡಿತ ಇರಲಿ. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಓಡುವ ಯಾವುದನ್ನೇ ಆದರೂ ನಿಲ್ಲಿಸಲು ಬರಬೇಕು ಅಂತ ವೆಬ್ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಕಣ್ಣ ಮುಂದೆ ಅಲುಗುತ್ತಲೇ ಇದ್ದರೆ ಪಕ್ಕದ ಅಕ್ಷರ ಓದಲು ಕಷ್ಟಪಡುವವರು ಎಷ್ಟೋ ಜನ ಇದ್ದಾರೆ.

ನಾಲ್ಕೂವರೆ ನಿಮಿಷದ ದೊಡ್ಡ ವಿಡಿಯೋಗೆ ಆಟೋಪ್ಲೇ ಬೇಡ. ಅದು ನಿಮ್ಮ ಸೈಟಿನಲ್ಲೇ ಇರುವವರೆಗೆ ಕಂಟ್ರೋಲ್ಸ್ ಅನ್ನುವ ಮಾತು ಹಾಕಿ, ಬ್ರೌಸರಿನದೇ ಬಟನ್‌ಗಳು ಬರಲಿ. ಅಂದವಾದ ಸ್ವಂತ ಬಟನ್ ಮಾಡುವ ಹುರುಪು ಹುಡುಗರಿಗೆ ಇರುತ್ತದೆ, ಆದರೆ ಕೀಬೋರ್ಡ್, ಫುಲ್‌ಸ್ಕ್ರೀನ್, ಸಬ್‌ಟೈಟಲ್ ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ, ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಪ್ರೀಲೋಡ್ ಅನ್ನುವುದನ್ನು 'ಮೆಟಾಡೇಟಾ' ಅಂತ ಇಡಿ. ಆಗ ಪುಟ ತೆರೆದಾಗ ಪರಿವಿಡಿ ಮತ್ತು ಉದ್ದವನ್ನಷ್ಟೇ ತರಿಸಿಕೊಳ್ಳುತ್ತದೆ, ಒತ್ತಿದ ಮೇಲೆ ಉಳಿದದ್ದು. ಹುಡುಕಿದರೆ ಫ್ಲ್ಯಾಶ್ ಪ್ಲೇಯರ್ ಕಾಲದ ಸಲಹೆಗಳು ಇನ್ನೂ ಸಿಗುತ್ತವೆ. ಅಡೋಬಿ ಅದನ್ನು 2020ರ ಡಿಸೆಂಬರ್ 31ಕ್ಕೆ ಮುಗಿಸಿದೆ, ಆ ಕಡೆ ನೋಡಬೇಡಿ.

ಮೂರು ಬಟನ್ ಮಾಡುವುದು ನೀವು ಅಂದುಕೊಂಡದ್ದಕ್ಕಿಂತ ಸುಲಭ. ವಿಡಿಯೋಗೆ ಕರೆಂಟ್‌ಟೈಮ್ ಅನ್ನುವ ಗುಣ ಇದೆ, ಲೆಕ್ಕ ಸೆಕೆಂಡಿನಲ್ಲಿ. ಪಾಕದ ಭಾಗ 1 ನಿಮಿಷ 35 ಸೆಕೆಂಡಿಗೆ ಶುರುವಾದರೆ ಬಟನ್ ಒತ್ತಿದಾಗ ಕರೆಂಟ್‌ಟೈಮನ್ನು 95 ಮಾಡಿ, ಕೂಡಲೇ ಪ್ಲೇ ಅಂತ ಕರೆಯಿರಿ. ಎಡವುವ ಜಾಗ ಎರಡಿವೆ. ವಿಡಿಯೋದ ಉದ್ದವೇ ಇನ್ನೂ ಬಂದಿಲ್ಲದಾಗ ಗಿರಾಕಿ ಒತ್ತಿದರೆ ಹಾರಬೇಕಾದ ಜಾಗ ತಪ್ಪಬಹುದು. 'ಲೋಡೆಡ್‌ಮೆಟಾಡೇಟಾ' ಅನ್ನುವ ಸೂಚನೆ ಬರುವವರೆಗೆ ಬಟನ್ ಮಂಕಾಗಿರಲಿ. ಇನ್ನೊಂದು, ಪ್ಲೇ ಅನ್ನುವುದು ಆಜ್ಞೆಯಲ್ಲ, ಕೋರಿಕೆ. ಅದು ಒಂದು ಪ್ರಾಮಿಸ್ ಕೊಡುತ್ತದೆ, ಬ್ರೌಸರು ಒಪ್ಪಬಹುದು, ಆಗಲ್ಲ ಅನ್ನಬಹುದು. ಆಗಲ್ಲ ಅಂದಾಗ ಏನು ಮಾಡಬೇಕು ಅಂತ ನೀವು ಬರೆದಿರದಿದ್ದರೆ ಬಟನ್ 'ಓಡುತ್ತಿದೆ' ಅಂತ ತೋರಿಸುತ್ತದೆ, ವಿಡಿಯೋ ಮಾತ್ರ ನಿಂತೇ ಇರುತ್ತದೆ. ಬಟನ್ನಿನ ರೂಪವನ್ನು ನಿಮ್ಮ ಒತ್ತುವಿಕೆಗೆ ಕಟ್ಟಬೇಡಿ, ವಿಡಿಯೋ ಕಳಿಸುವ 'ಪ್ಲೇ', 'ಪಾಝ್' (pause) ಸೂಚನೆಗಳಿಗೆ ಕಟ್ಟಿ. ಇನ್ನು ಪಾಕದ ಭಾಗ ಮುಗಿದ ಕೂಡಲೇ ನಿಲ್ಲಬೇಕು ಅಂತಿದ್ದರೆ 'ಟೈಮ್‌ಅಪ್‌ಡೇಟ್' ಸೂಚನೆ ನೋಡಿ ನಿಲ್ಲಿಸಬಹುದು. ಅದು ಸೆಕೆಂಡಿಗೆ ನಾಲ್ಕೇ ಸಲ ಬರುವುದೂ ಉಂಟು, ಹಾಗಾಗಿ ಕಾಲು ಸೆಕೆಂಡಿನಷ್ಟು ಆಚೀಚೆ ಆಗುತ್ತದೆ. ಭಾಗಗಳ ನಡುವೆ ಅರ್ಧ ಸೆಕೆಂಡ್ ಬಿಡುವು ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಯೂಟ್ಯೂಬ್ ಬಗ್ಗೆ ನಿಮ್ಮ ಅಂಜಿಕೆ ನ್ಯಾಯವಾದದ್ದು. ಆದರೂ ದೊಡ್ಡ ವಿಡಿಯೋವನ್ನು ಅಲ್ಲಿಯೇ ಇಡಿ ಅಂತ ಹೇಳುತ್ತೇನೆ. ನಿಮ್ಮ ಒಂದೇ ಎಂಪಿ4 ಫೈಲು ಸಿಗ್ನಲ್ ಕುಗ್ಗಿದಾಗ ತಾನೂ ಕುಗ್ಗಲಾರದು, ನಿಂತು ಸುತ್ತುತ್ತದೆ. ಯೂಟ್ಯೂಬು ಅದೇ ವಿಡಿಯೋವನ್ನು ಹಲವು ಗಾತ್ರದಲ್ಲಿ ಇಟ್ಟುಕೊಂಡು, ಸಿಗ್ನಲ್ ನೋಡಿ ಸಣ್ಣದಕ್ಕೆ ಇಳಿಯುತ್ತದೆ, ಸಿಕ್ಕಾಗ ದೊಡ್ಡದಕ್ಕೆ ಏರುತ್ತದೆ. ನಮ್ಮ ಕಡೆಯ ನೆಟ್‌ವರ್ಕಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಜೊತೆಗೆ ಸಾವಿರ ಜನ ನೋಡಿದರೆ 44 ಜಿಬಿ, ಅದು ನಿಮ್ಮ ಹೋಸ್ಟಿಂಗ್ ಲೆಕ್ಕಕ್ಕೆ ಬೀಳುವುದಿಲ್ಲ.

ಬೇರೆಯವರ ಬೆಲ್ಲದ ಮಾತಿಗೆ ಬಂದರೆ, ಯೂಟ್ಯೂಬ್ ವಿಡಿಯೋದ ವಿಳಾಸದ ಕೊನೆಗೆ 'ರೆಲ್' ಸೊನ್ನೆ (rel=0) ಅಂತ ಹಾಕಿದರೆ ಸಲಹೆಗಳೇ ಬರುವುದಿಲ್ಲ ಅಂತ ಹಳೆಯ ಬರಹಗಳಲ್ಲಿದೆ. 2018ರ ಸೆಪ್ಟೆಂಬರಿನಿಂದ ಅದು ಬದಲಾಗಿದೆ. ಈಗ ಸೊನ್ನೆ ಹಾಕಿದರೆ ನಿಮ್ಮದೇ ಚಾನೆಲ್ಲಿನ ಬೇರೆ ವಿಡಿಯೋ ತೋರಿಸುತ್ತದೆ. ಇನ್ನೂ ಗಟ್ಟಿ ದಾರಿ ಬೇಕೆಂದರೆ ಯೂಟ್ಯೂಬಿನ ಐಫ್ರೇಮ್ ಎಪಿಐ ಬಳಸಿ, ಅಂದರೆ ನಿಮ್ಮ ಪುಟದೊಳಗಿನ ಯೂಟ್ಯೂಬ್ ಪ್ಲೇಯರನ್ನು ನಿಮ್ಮ ಕೋಡಿನಿಂದಲೇ ನಡೆಸುವ ಸೌಲಭ್ಯ. ವಿಡಿಯೋದ ಸ್ಥಿತಿ ಬದಲಾದಾಗಲೆಲ್ಲ ಅದು ಒಂದು ಅಂಕಿ ಕೊಡುತ್ತದೆ: 1 ಓಡುತ್ತಿದೆ, 2 ನಿಂತಿದೆ, 0 ಮುಗಿದಿದೆ. ಸೊನ್ನೆ ಬಂದ ಕೂಡಲೇ ಪ್ಲೇಯರನ್ನು ತೆಗೆದು ಅಲ್ಲಿ ನಿಮ್ಮ ಫೋಟೋ, ಕೆಳಗೆ 'ಬೆಲ್ಲ ತರಿಸಿಕೊಳ್ಳಿ' ಅನ್ನುವ ಬಟನ್ ಇಡಿ. ಸಲಹೆಗಳು ಕೂರಲು ಜಾಗವೇ ಇರುವುದಿಲ್ಲ. ಪಾಕಕ್ಕೆ ಹಾರಲು ಅದರಲ್ಲಿ 'ಸೀಕ್‌ಟು' ಇದೆ, ಅದಕ್ಕೂ 95 ಅಂತಲೇ ಕೊಡುವುದು.

ಪುಟ ತೆರೆದಾಗಲೇ ಯೂಟ್ಯೂಬ್ ಪ್ಲೇಯರ್ ಬಂದು ಕೂರುವುದು ಬೇಡ. ಯಾರೂ ಪ್ಲೇ ಒತ್ತದಿದ್ದರೂ ಅದು ನೂರಾರು ಕೆಬಿ ತರಿಸಿಕೊಳ್ಳುತ್ತದೆ. ಮೊದಲು ಬರೀ ಫೋಟೋ, ಮೇಲೆ ಪ್ಲೇ ಗುರುತು. ಒತ್ತಿದ ಮೇಲೆ ಪ್ಲೇಯರ್ ಬರಲಿ. ಕೆಲವು ಫೋನುಗಳಲ್ಲಿ ಆಗ ಎರಡನೇ ಸಲ ಒತ್ತಬೇಕಾಗುತ್ತದೆ, ಏಕೆಂದರೆ ನಿಮ್ಮ ಪುಟದ ಮೇಲೆ ಒತ್ತಿದ್ದು ಪ್ಲೇಯರಿನೊಳಗೆ ಒತ್ತಿದ ಹಾಗೆ ಲೆಕ್ಕವಾಗುವುದಿಲ್ಲ. ಆ ಒಂದು ಒತ್ತು ಹೆಚ್ಚಾದರೂ ಉಳಿಯುವ ಡೇಟಾ ನೋಡಿದರೆ ನನಗೆ ಇದೇ ಸರಿ ಅನ್ನಿಸುತ್ತದೆ. ಫೋಟೋಗೂ ಪ್ಲೇಯರಿಗೂ 16ಕ್ಕೆ 9ರ ಅಳತೆಯನ್ನು ಪುಟದ ರೂಪ ಹೇಳುವ ಸಿಎಸ್‌ಎಸ್‌ ಕೋಡಿನಲ್ಲೇ ಕೊಟ್ಟಿಡಿ, ಇಲ್ಲದಿದ್ದರೆ ಪ್ಲೇಯರ್ ಬಂದಾಗ ಕೆಳಗಿನ ಬೆಲೆಪಟ್ಟಿ ಜಿಗಿಯುತ್ತದೆ.

ನೀವು ಕೇಳದಿದ್ದರೂ ಒಂದು ಹೇಳುತ್ತೇನೆ, ಸಬ್‌ಟೈಟಲ್ ಹಾಕಿ. ಬಸ್ಸಿನಲ್ಲಿ, ಆಫೀಸಿನಲ್ಲಿ ಸದ್ದಿಲ್ಲದೆ ನೋಡುವವರಿಗೆ, ಕಿವಿ ಕೇಳದವರಿಗೆ ನಿಮ್ಮ ತಂದೆ ಪಾಕ ನೋಡುತ್ತಾ ಹೇಳುವ ಮಾತು ತಲುಪಬೇಡವೇ? ನೋಟ್‌ಪ್ಯಾಡಿನಲ್ಲೇ ಬರೆಯಬಹುದಾದ ವಿಟಿಟಿ ಫೈಲು ಸಾಕು, ಅದೇ ಫೈಲನ್ನು ಯೂಟ್ಯೂಬಿಗೂ ಏರಿಸಬಹುದು. ಸಮಯ ಬರೆಯುವಾಗ ಸೆಕೆಂಡಿಗೂ ಮಿಲಿಸೆಕೆಂಡಿಗೂ ನಡುವೆ ಚುಕ್ಕಿ ಇರಬೇಕು, ಅಲ್ಪವಿರಾಮ ಹಾಕಿದರೆ ಆ ಸಾಲು ಕಾಣಿಸುವುದಿಲ್ಲ. ಮುಖ್ಯವಾಗಿ ಕನ್ನಡವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಯುಟಿಎಫ್-8 ಆಗಿ ಉಳಿಸಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ನಿಮ್ಮ ಕಂಪ್ಯೂಟರಿನಲ್ಲಿ ಅಚ್ಚಗನ್ನಡವಾಗಿ ಕಂಡದ್ದು ವಿಡಿಯೋದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಅಂಗಡಿಯಲ್ಲಿ ಡಿಟಿಪಿ ಮಾಡಿಸಿದರೆ ಇದನ್ನು ಮೊದಲೇ ಹೇಳಿ.

ಕೆಲಸದ ಕ್ರಮ ಹೀಗಿರಲಿ. ಈ ವಾರ ಪಿಎಚ್‌ಪಿ ತುಣುಕು ತೆಗೆದು ಫೈಲನ್ನು ಮಡಿಸಿ, ಅಷ್ಟರಲ್ಲೇ ಮಾವನ ಐಫೋನಿನಲ್ಲಿ ವಿಡಿಯೋ ಕಾಣಬೇಕು. ಮೇಲಿನ ತುಣುಕು ಮತ್ತು ಯೂಟ್ಯೂಬ್ ಆಮೇಲೆ. 95 ಅನ್ನುವುದು ನಾನು ಉದಾಹರಣೆಗೆ ಕೊಟ್ಟ ಲೆಕ್ಕ. ವಿಡಿಯೋವನ್ನು ಮಡಿಸುವಾಗ ಮುಂದಿನದೋ ಹಿಂದಿನದೋ ಕತ್ತರಿಸಿದರೆ ಸೆಕೆಂಡುಗಳೆಲ್ಲ ಸರಿದುಹೋಗುತ್ತವೆ, ಆದ್ದರಿಂದ ಹಾಲು, ಪಾಕ, ಅಚ್ಚು ಎಲ್ಲಿ ಶುರುವಾಗುತ್ತವೆ ಅಂತ ಸಿದ್ಧವಾದ ಫೈಲಿನಲ್ಲೇ ನೋಡಿ ಗುರುತು ಹಾಕಿಕೊಳ್ಳಿ.